ಹೆಣ ಕಾಯುವವರ ಇಸ್ಪೀಟು

ಹಾಸನದ ಕಡೆಯವರಾದ, ಈಗ ಸಿಂಗಾಪುರದ ತೋವಾ ಪಾಯೋದಲ್ಲಿ ನೆಲೆಸಿರುವ ಓದುಗರೊಬ್ಬರು ಬರೆದಿದ್ದಾರೆ: ಎದುರುಮನೆಯ ಚೀನೀ ಅಜ್ಜಿ ತೀರಿಕೊಂಡಾಗ ಕಟ್ಟಡದ ಕೆಳಗಿನ ತೆರೆದ ಅಂತಸ್ತಿನಲ್ಲಿ ಐದು ದಿನ ಶವಪೆಟ್ಟಿಗೆಯನ್ನು ಇಟ್ಟಿದ್ದರು. ಒಂದು ಸಂಜೆ ಇವರು ಹೋದರೆ, ಬಂದವರು ಊಟ ಮಾಡುತ್ತಿದ್ದರು, ಕಡಲೆಕಾಯಿ ಸುಲಿಯುತ್ತ ಇಸ್ಪೀಟು ಆಡುತ್ತಿದ್ದರು, ಕಾಗದದ ಮನೆಯನ್ನೂ ಕಾರನ್ನೂ ಸುಡಲು ಸಿದ್ಧಮಾಡಿದ್ದರು. ಆ ಹೊಗೆ, ಆ ಖರ್ಚು ಎರಡೂ ಇವರಿಗೆ ಹಿಡಿಸಲಿಲ್ಲ. “ಸಾವಿನ ಮನೆಯೋ ಜಾತ್ರೆಯೋ ತಿಳಿಯದೆ ಹತ್ತು ನಿಮಿಷದಲ್ಲಿ ಎದ್ದು ಬಂದೆ. ಹೊರಗಿನವರಾದ ನಾವು ಇಂಥಲ್ಲಿಗೆ ಹೋಗದಿರುವುದೇ ಮೇಲಲ್ಲವೇ?”

ಸೋದರಿ, ನೀವು ಹೋದಿರಲ್ಲ, ಅದು ದೊಡ್ಡದು. ಬೇಗ ಎದ್ದು ಬಂದದ್ದು ಮಾತ್ರ ನನಗೆ ಸರಿಕಾಣಲಿಲ್ಲ.

ಹೊಗೆಯ ಬಗ್ಗೆ ನಿಮ್ಮ ಆಕ್ಷೇಪ ನ್ಯಾಯವಾದದ್ದೇ. ಖರ್ಚಿನ ಬಗ್ಗೆ ಕೂಡ, ಅದ್ದೂರಿ ಅಂತ್ಯಕ್ರಿಯೆಗಳು ಜನರನ್ನು ಬಡವರನ್ನಾಗಿಸುತ್ತವೆ ಎಂದು ಎರಡು ಸಾವಿರ ವರ್ಷಗಳಿಗೂ ಹಿಂದೆ ಚೀನಾದ ಮೋಜಿ ಎಂಬ ಚಿಂತಕನೇ ವಾದಿಸಿದ್ದ. ಅಷ್ಟನ್ನು ಒಪ್ಪಿಕೊಂಡು ಮುಂದಕ್ಕೆ ಹೋಗುತ್ತೇನೆ.

ಶವಪೆಟ್ಟಿಗೆಯನ್ನು ರಾತ್ರಿ ಒಂಟಿಯಾಗಿ ಬಿಡಬಾರದು ಎಂಬುದು ಅವರ ನಿಯಮ. ಮೂರು, ಐದು, ಕೆಲವೊಮ್ಮೆ ಏಳು ರಾತ್ರಿ ಯಾರಾದರೂ ಎಚ್ಚರವಿರಲೇಬೇಕು, ಎಚ್ಚರವಿರುವವರ ಕೈಗೆ ಏನಾದರೊಂದು ಕೆಲಸ ಬೇಕು. ನಮ್ಮ ಹಳ್ಳಿಗಳಲ್ಲಿ ಆ ಹೊತ್ತನ್ನು ಭಜನೆ ತುಂಬುತ್ತಿತ್ತು, ಅಲ್ಲಿ ಇಸ್ಪೀಟೋ ಮಾಜಾಂಗ್ ಆಟವೋ ತುಂಬುತ್ತದೆ. ಸುಟ್ಟದ್ದು ಸತ್ತವರಿಗೆ ತಲುಪುತ್ತದೆಂದು ನಂಬಿ ಅವರು ಮಾಡುವ ಕಾಗದದ ಕಾರು ನಿಮಗೆ ವಿಚಿತ್ರವಾಗಿ ಕಂಡಿತು. ಪಿತೃಪಕ್ಷದಲ್ಲಿ ಅಜ್ಜನ ಎಡೆಗೆ ಹೊಸ ಪಂಚೆಯ ಜೊತೆ ಒಂದು ಕಟ್ಟು ಬೀಡಿ ಇಡುವುದನ್ನು ನೀವು ಊರಿನಲ್ಲಿ ನೋಡಿಲ್ಲವೇ?

ಕೆಲವು ವರ್ಷಗಳ ಹಿಂದೆ ಅದೇ ಊರಿನಲ್ಲಿ ಗೆಳೆಯರ ಮನೆಯಲ್ಲಿದ್ದಾಗ, ಕೆಳಗೆ ಒಬ್ಬ ಮುದುಕರ ಶವವನ್ನಿಟ್ಟಿದ್ದರು. ಮಗನ ಎಡತೋಳಿನ ಮೇಲೆ ಶೋಕದ ಗುರುತಾಗಿ ಚಿಕ್ಕ ಬಟ್ಟೆಯ ತುಂಡನ್ನು ಪಿನ್ ಹಾಕಿ ಸಿಕ್ಕಿಸಿದ್ದರು. ಸತ್ತವರು ಗಂಡಸಾದರೆ ಎಡತೋಳು, ಹೆಂಗಸಾದರೆ ಬಲತೋಳು. ಹತ್ತು ವರ್ಷದ ಮೊಮ್ಮಗಳು ಚಿನ್ನದ ಬಣ್ಣ ಬಳಿದ ಕಾಗದವನ್ನು ದೋಣಿಯಾಕಾರದ ಗಟ್ಟಿಗಳಂತೆ ಮಡಚುತ್ತಿದ್ದಳು. ನಾನು ಮಡಚಿದ್ದು ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಅವಳು ಮಾತನಾಡದೆ ನನ್ನ ಹೆಬ್ಬೆರಳನ್ನು ಹಿಡಿದು ಎಲ್ಲಿ ಒತ್ತಬೇಕೆಂದು ತೋರಿಸಿಕೊಟ್ಟಳು. ಹೊರಡುವಾಗ ಅವಳ ತಾಯಿ ನನಗೊಂದು ಕೆಂಪು ದಾರವನ್ನು ಕೊಟ್ಟರು. ಸಾವಿನ ನೆರಳು ಬಂದವರ ಮನೆಯವರೆಗೆ ಹಿಂಬಾಲಿಸದಿರಲಿ ಎಂದು ಕೊಡುವ ದಾರವದು. ತಂದೆಯ ಶವ ಎದುರಿಗಿರುವಾಗಲೂ ಯಾರೋ ಅಪರಿಚಿತನ ಕ್ಷೇಮವನ್ನು ನೆನೆದವರ ನಡುವೆ ನಾನು ಹೊರಗಿನವನಾಗಿದ್ದೆನೆಂದು ಹೇಗೆ ಹೇಳಲಿ?

ಅಲ್ಲಿ ಬಿಳಿ ಲಕೋಟೆಯಲ್ಲಿ ಹಣ ಕೊಡುತ್ತಾರೆ, ಮೊತ್ತ ಬೆಸಸಂಖ್ಯೆಯಲ್ಲಿರಬೇಕು. ಕೊಟ್ಟವರ ಹೆಸರನ್ನು ಮನೆಯವರು ಬರೆದಿಟ್ಟುಕೊಂಡು, ಮುಂದೆ ಅವರ ಮನೆಯ ಕಷ್ಟಕ್ಕೆ ತಾವೂ ಕೊಡುತ್ತಾರೆ. ನಮ್ಮ ಮದುವೆಮನೆಯ ಮುಯ್ಯಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವುದು ಬೇರೊಂದು ಮಾತು. ಚೀನೀಯರ ಶವವನ್ನಿಡುವ ಅದೇ ಅಂತಸ್ತಿನಲ್ಲಿ ಇನ್ನೊಂದು ವಾರ ಮಲಯ್ ಕುಟುಂಬದ ಮದುವೆಯೂ ನಡೆಯುತ್ತದೆ. ಸರ್ಕಾರ ಕಟ್ಟಿಸಿದ ಬಹುಮಹಡಿ ಮನೆಗಳಲ್ಲಿ ಸಾವಿಗೂ ಜಾಗವಿದೆ. ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈಜುಕೊಳಕ್ಕೆ ಜಾಗವಿದೆ, ಶವ ಇಳಿಸಲು ಜಾಗವಿಲ್ಲ. ನನಗೆ ಬೇಕಾದ ಹಿರಿಯರೊಬ್ಬರು ಹೋದಾಗ, ಸಂಘದವರು ಸಾಮಾನು ಸಾಗಿಸುವ ಲಿಫ್ಟಿನಲ್ಲೇ ಇಳಿಸಬೇಕೆಂದರು. ಎರಡು ಗಂಟೆಯೊಳಗೆ ಎಲ್ಲವೂ ಮುಗಿಯಿತು. ಎದುರುಮನೆಯವರು ವಾಟ್ಸಾಪಿನಲ್ಲಿ ಕೈಮುಗಿದ ಚಿತ್ರವನ್ನು ಕಳುಹಿಸಿದರು, ಬಾಗಿಲು ತೆರೆಯಲಿಲ್ಲ. ಆ ಮನೆಯ ಮಗ ಅಂದು ಯಾರ ಮುಂದೆ ಅಳಬೇಕಿತ್ತು?

ಹೆತ್ತವರು ತೀರಿದಾಗ ಆಚರಿಸುವ ಮೂರು ವರ್ಷದ ಶೋಕ ಹೆಚ್ಚಾಯಿತು, ಒಂದು ವರ್ಷ ಸಾಕು ಎಂದು ಶಿಷ್ಯನೊಬ್ಬ ವಾದಿಸಿದಾಗ, ಮಗುವನ್ನು ತಂದೆತಾಯಿ ತೋಳಿನಿಂದ ಇಳಿಸುವುದಕ್ಕೇ ಮೂರು ವರ್ಷ ಬೇಕಲ್ಲ ಎಂದು ಕನ್ಫ್ಯೂಷಿಯಸ್ ನೊಂದುಕೊಂಡಿದ್ದ. ನಿಮ್ಮ ನೆರೆಯವರು ಕೇಳಿದ್ದು ಐದು ದಿನ.

ಅಜ್ಜಿಯ ಮಕ್ಕಳು ಏಳೇಳು ದಿನಕ್ಕೊಮ್ಮೆ ಪೂಜೆ ನಡೆಸುವವರಾದರೆ, ನಲವತ್ತೊಂಬತ್ತನೆಯ ದಿನ ಇನ್ನೂ ಮುಂದಿರಬಹುದು. ಏಪ್ರಿಲ್ ಮೊದಲ ವಾರದಲ್ಲಿ ಹಿರಿಯರ ಸಮಾಧಿಗಳನ್ನು ಗುಡಿಸಿ ತೊಳೆಯುವ ಛಿಂಗ್‌ಮಿಂಗ್ ಹಬ್ಬವೂ ಬರುತ್ತದೆ. ಕೆಂಪು ಅವರಲ್ಲಿ ಸಂಭ್ರಮದ ಬಣ್ಣ, ಕೆಂಪು ಸೀರೆ ಬೇಡ. ಒಂದಿಷ್ಟು ಕಿತ್ತಳೆ ಹಣ್ಣು ತೆಗೆದುಕೊಂಡು ಎದುರುಮನೆಯ ಬಾಗಿಲು ತಟ್ಟಿ, ನಾನೂ ಬರಬಹುದೇ ಎಂದು ಕೇಳಿ.