ಬೆಳ್ಳಿಯ ನ್ಯಾನೊ ಕಣ ಬ್ಯಾಕ್ಟೀರಿಯಾವನ್ನು ಚುಚ್ಚಿ ಕೊಲ್ಲುತ್ತದೆಯೇ?

ಪ್ರಶ್ನೆ: ನಾವು ಕೊಂಡ ನೀರಿನ ಫಿಲ್ಟರ್‌ನಲ್ಲಿ ಬೆಳ್ಳಿಯ ನ್ಯಾನೊ ಕಣಗಳಿವೆ, ಅವು ಬ್ಯಾಕ್ಟೀರಿಯಾದ ಗೋಡೆಯನ್ನು ಚುಚ್ಚಿ ಒಳನುಗ್ಗುತ್ತವೆ ಎಂದು ಅಂಗಡಿಯವರು ಹೇಳಿದರು. ಇದು ನಿಜವೇ? ಎಲ್ಲ ಬಗೆಯ ನೀರಿನಲ್ಲೂ ಹೀಗೇ ಆಗುತ್ತದೆಯೇ?

ಉತ್ತರ: ಕೊಲ್ಲುವುದು ನಿಜ. ಆದರೆ ಆ ಕೆಲಸದ ಬಹುಪಾಲನ್ನು ಮಾಡುವುದು ಕಣದಿಂದ ಕರಗಿ ಬರುವ ಬೆಳ್ಳಿಯ ಅಯಾನು, ಅಂದರೆ ವಿದ್ಯುದಾವೇಶ ಪಡೆದ ಬೆಳ್ಳಿಯ ಪರಮಾಣು. 2012ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಸಂಶೋಧಕರು ಆಮ್ಲಜನಕವೇ ಇಲ್ಲದ ವಾತಾವರಣದಲ್ಲಿ ಈ ಕಣಗಳನ್ನು ಕರುಳಿನಲ್ಲಿ ವಾಸಿಸುವ ಇ. ಕೋಲೈ ಬ್ಯಾಕ್ಟೀರಿಯಾದೊಂದಿಗೆ ಇರಿಸಿ ನೋಡಿದರು. ಆಮ್ಲಜನಕವಿಲ್ಲದೆ ಬೆಳ್ಳಿ ಕರಗಲಿಲ್ಲ, ಬ್ಯಾಕ್ಟೀರಿಯಾ ಸಾಯಲೂ ಇಲ್ಲ. ಈ ವಿಷಯದಲ್ಲಿ ನನಗೆ ಇದಕ್ಕಿಂತ ಅಚ್ಚುಕಟ್ಟಾದ ಪ್ರಯೋಗ ಕಂಡಿಲ್ಲ. 2004ರಲ್ಲಿ ಪ್ರಕಟವಾದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಇ. ಕೋಲೈ ಮೈಮೇಲೆ ಗುಳಿಗಳು ಬಿದ್ದಿದ್ದವು. ನೋಡಿದವರಿಗೆ ಅದು ಚುಚ್ಚಿದಂತೆ ಕಂಡರೆ ಅಚ್ಚರಿಯಿಲ್ಲ. ಆದರೆ ಬೆಳ್ಳಿಯ ಅಯಾನುಗಳು ಪ್ರೋಟೀನ್‌ಗಳಲ್ಲಿರುವ ಗಂಧಕವನ್ನು ಬಿಗಿಯಾಗಿ ಹಿಡಿಯುತ್ತವೆ. ಉಸಿರಾಟದ ಕಿಣ್ವಗಳು ಕೆಡುತ್ತವೆ, ಕೋಶಪೊರೆ ಸಡಿಲಗೊಂಡು ಸೋರತೊಡಗುತ್ತದೆ.

ಹಾಗೆಂದು ಕಣ ಮೈಗೆ ಅಂಟುವುದು ಮುಖ್ಯವಲ್ಲವೆಂದು ತಿಳಿಯಬೇಡಿ. ಅಂಟಿದ ಕಣ ತನ್ನ ಅಯಾನುಗಳನ್ನು ಕೋಶದ ಮೈಮೇಲೆಯೇ ಬಿಡುತ್ತದೆ, ದೂರದ ನೀರಿನಲ್ಲಿ ಅವು ಚದುರಿಹೋಗುವುದಿಲ್ಲ. ಆದರೆ ಅಂಟುವುದೇ ಕಷ್ಟದ ಮಾತು, ಏಕೆಂದರೆ ಕೋಶ, ಕಣ ಎರಡಕ್ಕೂ ಸಾಮಾನ್ಯವಾಗಿ ಒಂದೇ ಬಗೆಯ ವಿದ್ಯುದಾವೇಶ. ಇ. ಕೋಲೈ ಸುಮಾರು 2,000 ನ್ಯಾನೊಮೀಟರ್ ಉದ್ದ, ಕಣ ಹತ್ತಿಪ್ಪತ್ತು ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೇ ನ್ಯಾನೊಮೀಟರ್). ಇ. ಕೋಲೈನಂಥ ಗ್ರಾಮ್ ಋಣ (ಗ್ರಾಮ್ ಎಂಬ ಬಣ್ಣದ ಪರೀಕ್ಷೆಯಲ್ಲಿ ನೇರಳೆ ಬಣ್ಣ ಉಳಿಸಿಕೊಳ್ಳದ) ಬ್ಯಾಕ್ಟೀರಿಯಾಗಳ ಹೊರಪೊರೆಯ ಮೇಲೆ ಲಿಪೊಪಾಲಿಸ್ಯಾಕರೈಡ್ ಎಂಬ ಉದ್ದನೆಯ ಅಣುಗಳು ದಟ್ಟವಾಗಿ ನಿಂತಿರುತ್ತವೆ. ಅವುಗಳಲ್ಲಿರುವ ಫಾಸ್ಫೇಟ್‌ನಿಂದಾಗಿ ಇಡೀ ಮೈಗೆ ಋಣ ವಿದ್ಯುದಾವೇಶ. ಆ ಬಣ್ಣ ಉಳಿಸಿಕೊಳ್ಳುವ ಗ್ರಾಮ್ ಧನ ಬ್ಯಾಕ್ಟೀರಿಯಾಗಳಿಗೆ ಹೊರಪೊರೆಯಿಲ್ಲ, ಬದಲಿಗೆ ಹತ್ತಾರು ನ್ಯಾನೊಮೀಟರ್ ದಪ್ಪದ, ಪೆಪ್ಟಿಡೊಗ್ಲೈಕನ್ ಎಂಬ ಗಟ್ಟಿ ಜಾಲದ ಭಿತ್ತಿಯಿದೆ. ಅದರ ಆವೇಶವೂ ಋಣವೇ. ಸಿಟ್ರೇಟ್ (ಸಿಟ್ರಿಕ್ ಆಮ್ಲದ ಲವಣ) ಲೇಪಿಸಿ ತಯಾರಿಸಿದ ಬೆಳ್ಳಿಯ ಕಣಕ್ಕೂ ಋಣಾವೇಶ. ಹೀಗಾಗಿ ಕಣ ಮತ್ತು ಬ್ಯಾಕ್ಟೀರಿಯಾ ಒಂದನ್ನೊಂದು ದೂಡುತ್ತವೆ. ಕಣಕ್ಕೆ ಧನಾವೇಶದ ಲೇಪನ ಕೊಟ್ಟರೆ ಕಥೆಯೇ ಬೇರೆ, ತಾನಾಗಿ ಬಂದು ಅಂಟುತ್ತದೆ.

ಇಲ್ಲಿ ತೀರ್ಪು ಕೊಡುವುದು ನೀರು. ಲವಣವಿಲ್ಲದ ಶುದ್ಧ ನೀರಿನಲ್ಲಿ ಈ ವಿಕರ್ಷಣೆ ಹತ್ತಾರು ನ್ಯಾನೊಮೀಟರ್ ದೂರಕ್ಕೂ ಮುಟ್ಟುತ್ತದೆ. ನಮ್ಮ ರಕ್ತದಷ್ಟು ಉಪ್ಪಿದ್ದರೆ ಅದು 1 ನ್ಯಾನೊಮೀಟರ್‌ಗಿಂತ ಕಡಿಮೆ ದೂರಕ್ಕೆ ಕುಗ್ಗುತ್ತದೆ, ಆಗ ಕಣ ಹತ್ತಿರ ಬಂದು ಅಂಟಬಲ್ಲದು. ಆದರೆ ಅದೇ ಉಪ್ಪು ಕಣಗಳನ್ನೂ ಒಂದಕ್ಕೊಂದು ಅಂಟಿಸಿ ಗಂಟು ಕಟ್ಟಿಸುತ್ತದೆ. ಗಂಟಾದಾಗ ಕರಗಲು ಸಿಗುವ ಮೇಲ್ಮೈ ಕಡಿಮೆ. ನೀರಿನ ಕ್ಲೋರೈಡ್ ಬೆಳ್ಳಿಯ ಅಯಾನನ್ನು ಸಿಲ್ವರ್ ಕ್ಲೋರೈಡ್ ಆಗಿಸಿ ಕೆಳಗಿಳಿಸುತ್ತದೆ, ಕೊಳೆತ ಎಲೆಗಳಿಂದ ಬಂದ ಹ್ಯೂಮಿಕ್ ಆಮ್ಲ ಕಣದ ಸುತ್ತ ಹೊದಿಕೆಯಾಗುತ್ತದೆ. ಬಯಲುಸೀಮೆಯ ಗಡಸು ಕೊಳವೆಬಾವಿ ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚು, ಅಲ್ಲಿ ಗಂಟು ಕಟ್ಟುವಿಕೆ ಇನ್ನೂ ಬೇಗ. ಆದ್ದರಿಂದ ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಬಂದ ಫಲಿತಾಂಶವನ್ನು ಮನೆಯ ನಲ್ಲಿಗೆ ಹಾಗೆಯೇ ಅನ್ವಯಿಸುವುದು ತಪ್ಪು. ಮಾರುವವರನ್ನು ಕೇಳಬೇಕಾದದ್ದು ಇಷ್ಟೇ: ನಮ್ಮಂಥ ನೀರಿನಲ್ಲಿ ಪರೀಕ್ಷೆ ಮಾಡಿದ್ದೀರಾ, ಎಷ್ಟು ಲೀಟರ್ ಆದ ಮೇಲೆ ಬೆಳ್ಳಿ ಬಿಡುಗಡೆ ಕಡಿಮೆಯಾಗುತ್ತದೆ? ಬೆಳ್ಳಿಯ ಕಣಗಳು ಗಂಟಾಗದೆ ನಿಧಾನವಾಗಿ, ಒಂದೇ ಸಮನೆ ಅಯಾನು ಬಿಡುವಂತೆ ಅವನ್ನು ಘನ ವಸ್ತುವೊಂದರಲ್ಲಿ ಹುದುಗಿಸುವ ವಿಧಾನವನ್ನು ಐಐಟಿ ಮದ್ರಾಸ್‌ನ ಪ್ರೊ. ಟಿ. ಪ್ರದೀಪ್ ಅವರ ತಂಡ 2013ರಲ್ಲಿ ಪ್ರಕಟಿಸಿತು. ಈ ತೊಡಕಿಗೆ ಅದು ನೇರವಾದ ಉತ್ತರ.

ಪ್ರಶ್ನೆ: ಬ್ಯಾಕ್ಟೀರಿಯಾಗಳು ಇದಕ್ಕೂ ಒಗ್ಗಿಕೊಳ್ಳಬಹುದೇ?

ಉತ್ತರ: ಒಗ್ಗಿಕೊಂಡದ್ದಿದೆ. ಬೆಳ್ಳಿಯ ನ್ಯಾನೊ ಕಣಗಳಿಗೆ ಮತ್ತೆ ಮತ್ತೆ ಒಡ್ಡಿದಾಗ ಇ. ಕೋಲೈ ಮತ್ತು ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾಗಳು, ತಮ್ಮ ಈಜುಬಾಲವನ್ನು ಕಟ್ಟುವ ಫ್ಲಜೆಲಿನ್ ಎಂಬ ಪ್ರೋಟೀನನ್ನು ಹೊರಗೆ ಸುರಿದು, ಕಣಗಳನ್ನು ಅಂಟಿಸಿ ಗಂಟಾಗಿಸಿ ಬಚಾವಾದುದನ್ನು 2018ರಲ್ಲಿ ಚೆಕ್ ಸಂಶೋಧಕರು ತೋರಿಸಿದರು. ಸಾಕ್ಸ್, ಬಾಚಣಿಗೆ, ಫ್ರಿಜ್ ಬಾಗಿಲಿಗೆಲ್ಲ ಬೆಳ್ಳಿ ಬಳಿಯುವ ಉತ್ಸಾಹಕ್ಕೆ ನಾನು ವಿರೋಧಿ. ಸುಟ್ಟ ಗಾಯಗಳ ಪಟ್ಟಿಗೆ, ಕುಡಿಯುವ ನೀರಿಗೆ ಅದನ್ನು ಉಳಿಸಿಕೊಳ್ಳೋಣ.