ಟೀಬೋ: ಅಷ್ಟು ದೊಡ್ಡ ಹೆಸರಿಗೆ ತಕ್ಕ ಆಟವಿತ್ತೇ?

ಪ್ರಶ್ನೆ: ನನ್ನ ಮಗ ಅಮೆರಿಕದ ಜಾರ್ಜಿಯಾದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಅಲ್ಲಿಗೆ ಹೋದ ಮೇಲೆ ಕಾಲೇಜು ಫುಟ್‌ಬಾಲಿನ ಹುಚ್ಚು ಹತ್ತಿದೆ. ಫ್ಲಾರಿಡಾ ವಿಶ್ವವಿದ್ಯಾಲಯದ ಹಳೆಯ ಕ್ವಾರ್ಟರ್‌ಬ್ಯಾಕ್ ಟಿಮ್ ಟೀಬೋನನ್ನು ಕೆಲವರು ತಲೆಯ ಮೇಲೆ ಹೊತ್ತುಕೊಂಡರೆ, ಇನ್ನು ಕೆಲವರು ಅದೆಲ್ಲ ಟಿ.ವಿ.ಯವರು ಕಟ್ಟಿದ ಹೆಸರು ಎನ್ನುತ್ತಾರಂತೆ. ಮಗ ಎರಡನೆಯ ಗುಂಪಿನವನು. ‘ಸುತ್ತ ಅತ್ಯುತ್ತಮ ಆಟಗಾರರಿದ್ದರು, ಆದ್ದರಿಂದ ಗೆದ್ದ’ ಎಂಬುದು ಅವನ ವಾದ. ನೀವು ಫ್ಲಾರಿಡಾದಲ್ಲಿ ಇದ್ದವರು, ಹೇಳಿ.

ಉತ್ತರ: ಅಮ್ಮ, ಜಾರ್ಜಿಯಾದಲ್ಲಿದ್ದುಕೊಂಡು ಟೀಬೋನನ್ನು ಹೊಗಳುವುದು ಕಷ್ಟ. ಜಾರ್ಜಿಯಾ ಮತ್ತು ಫ್ಲಾರಿಡಾ ತಂಡಗಳು ವರ್ಷಕ್ಕೊಮ್ಮೆ ಎದುರುಬದುರಾಗುವ ಹಳೆಯ ಹಗೆಗಳು. 2008ರಲ್ಲಿ ಟೀಬೋನ ತಂಡ ಅವರನ್ನು 49–10ರಿಂದ ಬಡಿದು ಹಾಕಿತ್ತು. ಆ ಗಾಯವನ್ನು ಬದಿಗಿಟ್ಟು ಕೇಳಿದರೂ ನಿಮ್ಮ ಮಗನ ಪ್ರಶ್ನೆಯಲ್ಲಿ ಹುರುಳಿದೆ. ಆದರೆ ಅವನು ತಲುಪಿರುವ ತೀರ್ಮಾನವನ್ನು ನಾನು ಒಪ್ಪುವುದಿಲ್ಲ.

ಆಟ ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ಇಲ್ಲಿ ಚೆಂಡು ಕೈಯಲ್ಲಿರುವ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶ. ದಾಟಿದರೆ ಮತ್ತೆ ನಾಲ್ಕು, ದಾಟದಿದ್ದರೆ ಚೆಂಡು ಎದುರಾಳಿಗೆ. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್. ಚೆಂಡನ್ನು ಮೊದಲು ಕೈಗೆತ್ತಿಕೊಂಡು ಎಸೆಯಬೇಕೇ, ಯಾರಿಗಾದರೂ ಕೊಡಬೇಕೇ, ತಾನೇ ಓಡಬೇಕೇ ಎಂದು ಕ್ಷಣಾರ್ಧದಲ್ಲಿ ನಿರ್ಧರಿಸುವವನೇ ಕ್ವಾರ್ಟರ್‌ಬ್ಯಾಕ್. ಸಾಮಾನ್ಯವಾಗಿ ಅವನು ಎಸೆಯುವವನು, ಪೆಟ್ಟು ತಿನ್ನುವ ಓಟ ಬೇರೆಯವರದು. ಟೀಬೋ ಎರಡನ್ನೂ ಮಾಡಿದ, ಅದೂ ಈ ಆಟದ ಅತಿ ಕಠಿಣ ವಿಭಾಗವೆಂದು ಹೆಸರಾದ ಎಸ್‌ಇಸಿಯಲ್ಲಿ.

ಈಗ ನಿಮ್ಮ ಮಗನ ವಾದಕ್ಕೆ ಬರೋಣ. ಸುತ್ತ ಒಳ್ಳೆಯವರಿದ್ದರು ಎಂಬುದು ನಿಜ. ಪರ್ಸಿ ಹಾರ್ವಿನ್‌ನಂಥ ಚುರುಕು ಓಟಗಾರ, ಪೌನ್ಸಿ ಸಹೋದರರಂಥ ಗೋಡೆಗಳು, ತರಬೇತುದಾರ ಅರ್ಬನ್ ಮೇಯರ್, ಆಕ್ರಮಣದ ತಂತ್ರ ಹೆಣೆಯಲು ಡ್ಯಾನ್ ಮುಲ್ಲನ್. ಹಾರ್ವಿನ್ ಮತ್ತು ಮುಲ್ಲನ್ ಇಬ್ಬರೂ ಬಿಟ್ಟುಹೋದ ಮೇಲೆ, 2009ರಲ್ಲಿ, ಟೀಬೋ ಎಸೆದ ಟಚ್‌ಡೌನ್‌ಗಳು 30ರಿಂದ 21ಕ್ಕೆ ಇಳಿದವು. ಮಗನಿಗೆ ವಾದ ಮಾಡಲು ಇದಕ್ಕಿಂತ ಒಳ್ಳೆಯ ಅಂಕಿ ಸಿಗಲಾರದು, ನಾನೇ ಕೊಡುತ್ತಿದ್ದೇನೆ.

ಆದರೆ 2007ನ್ನು ಏನು ಮಾಡುತ್ತೀರಿ? ಹಿಂದಿನ ವರ್ಷ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟ ರಕ್ಷಣಾ ಪಡೆಯ ಬಹುಪಾಲು ಜನ ಹೊರಟುಹೋಗಿದ್ದರು. ಉಳಿದ ಎಳೆಯರು ಎದುರಾಳಿಗಳಿಗೆ ಧಾರಾಳವಾಗಿ ಅಂಕ ಬಿಟ್ಟುಕೊಟ್ಟರು. ಜಾರ್ಜಿಯಾ 42 ಗಳಿಸಿತು, ಮಿಷಿಗನ್ 41. ತಂಡ ನಾಲ್ಕು ಪಂದ್ಯ ಸೋತಿತು. ಅಂಥ ವರ್ಷದಲ್ಲಿ, ಮೊದಲ ಬಾರಿಗೆ ಪೂರ್ಣಾವಧಿಯ ಹೊಣೆ ಹೊತ್ತ ಇಪ್ಪತ್ತರ ಹುಡುಗ 32 ಟಚ್‌ಡೌನ್ ಎಸೆದ, 23 ಟಚ್‌ಡೌನ್ ಓಡಿ ಗಳಿಸಿದ. ಒಂದೇ ಋತುವಿನಲ್ಲಿ ಎರಡೂ ಬಗೆಯಲ್ಲಿ ಇಪ್ಪತ್ತು ದಾಟಿದವರು ಆ ಮಟ್ಟದ ಕಾಲೇಜು ಆಟದಲ್ಲಿ ಅದುವರೆಗೆ ಒಬ್ಬರೂ ಇರಲಿಲ್ಲ. ಋತುವಿನ ಕೊನೆಗೆ ಫ್ಲಾರಿಡಾ ಸ್ಟೇಟ್ ವಿರುದ್ಧ ಬಲಗೈ ಮೂಳೆ ಮುರಿದರೂ ಆಟ ಮುಂದುವರಿಸಿದ (ಅವನು ಎಸೆಯುವುದು ಎಡಗೈಯಲ್ಲಿ). ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬನಿಗೆ ಹೈಸ್‌ಮನ್ ಟ್ರೋಫಿ (ವರ್ಷದ ಶ್ರೇಷ್ಠ ಕಾಲೇಜು ಆಟಗಾರನ ಪ್ರಶಸ್ತಿ) ಸಿಕ್ಕಿದ್ದು ಅದೇ ಮೊದಲು. ಸುತ್ತಲಿನವರು ಎತ್ತಿ ನಿಲ್ಲಿಸಿದ ಆಟಗಾರನ ವರ್ಷ ಹೀಗಿರುವುದಿಲ್ಲ. ಅಂದು ತಂಡವನ್ನು ಅವನೇ ಹೊತ್ತಿದ್ದ.

ಹಾರ್ವಿನ್ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದಕ್ಕೂ ಉತ್ತರ ದಾಖಲೆಯಲ್ಲೇ ಇದೆ. 2008ರ ಎಸ್‌ಇಸಿ ಫೈನಲ್, ಅಟ್ಲಾಂಟಾ, ಎದುರಿಗೆ ಅಗ್ರಸ್ಥಾನದಲ್ಲಿದ್ದ ಅಲಬಾಮಾ. ಹಾರ್ವಿನ್ ಗಾಯಗೊಂಡು ಹೊರಗೆ ಕುಳಿತಿದ್ದ. ಕೊನೆಯ ಕ್ವಾರ್ಟರ್ (ಪಂದ್ಯದ ನಾಲ್ಕನೆಯ ಪಾಲು) ಶುರುವಾದಾಗ ಫ್ಲಾರಿಡಾ 17–20ರಿಂದ ಹಿಂದಿತ್ತು. ಮುಗಿದಾಗ 31–20. ಆ ಕ್ವಾರ್ಟರಿನ ಎರಡು ದೀರ್ಘ ದಾಳಿಗಳಲ್ಲಿ ಚೆಂಡು ಟೀಬೋನ ಕೈಯಿಂದಲೇ ಹೊರಟಿತು. ಎರಡನೆಯದನ್ನು ರೈಲಿ ಕೂಪರ್‌ಗೆ ಎಸೆದ ಟಚ್‌ಡೌನ್‌ನಲ್ಲಿ ಮುಗಿಸಿದ. ಮಗನಿಗೆ ಇದನ್ನು ಕಳುಹಿಸಿ.

ಪ್ರಶ್ನೆ: ಸೋತ ಮೇಲೆ ಪತ್ರಕರ್ತರ ಮುಂದೆ ಟೀಬೋ ಆಡಿದ ಮಾತನ್ನು ಲೋಹದ ಫಲಕದಲ್ಲಿ ಕೆತ್ತಿಸಿ ಸ್ಟೇಡಿಯಂ ಹತ್ತಿರ ಹಾಕಿದ್ದಾರೆಂದು ಓದಿದೆ. ಒಂದು ಭಾಷಣಕ್ಕೆ ಇಷ್ಟೊಂದು ಗೌರವವೇ?

ಉತ್ತರ: ಆ ಪಂದ್ಯ ನಡೆದದ್ದು 2008ರ ಸೆಪ್ಟೆಂಬರ್ 27ರಂದು. ನಾನಾಗ ಫ್ಲಾರಿಡಾ ವಿಶ್ವವಿದ್ಯಾಲಯವಿರುವ ಗೇನ್ಸ್‌ವಿಲ್‌ನಲ್ಲಿ ಸಂಶೋಧನಾ ವಿದ್ಯಾರ್ಥಿ, ವಿದ್ಯಾರ್ಥಿಗಳ ಗ್ಯಾಲರಿಯಲ್ಲಿ ನಿಂತು ನೋಡಿದ್ದೆ. ಅಲ್ಲಿ ಕುಳಿತು ನೋಡುವ ಪದ್ಧತಿಯೇ ಇಲ್ಲ. ಎದುರಾಳಿ ಓಲ್ ಮಿಸ್ (ಮಿಸಿಸಿಪ್ಪಿ ವಿಶ್ವವಿದ್ಯಾಲಯ), ಯಾರೂ ಲೆಕ್ಕಕ್ಕೆ ಇಟ್ಟಿರದ ತಂಡ. ಫ್ಲಾರಿಡಾದ ಒಂದು ಹೆಚ್ಚುವರಿ ಅಂಕದ ಒದೆತವನ್ನು ಅವರು ತಡೆದದ್ದರಿಂದ ಅಂಕ 30–31 ಆಗಿತ್ತು. ಕೊನೆಯ ನಿಮಿಷ. ನಾಲ್ಕನೆಯ ಅವಕಾಶ, ಬೇಕಾದದ್ದು ಒಂದೇ ಗಜ. ಟೀಬೋ ತಾನೇ ಓಡುತ್ತಾನೆ ಎಂಬುದು ಅಲ್ಲಿದ್ದ 90 ಸಾವಿರದಷ್ಟು ಜನರಿಗೂ ಗೊತ್ತಿತ್ತು, ಓಲ್ ಮಿಸ್‌ನ ಹನ್ನೊಂದು ಮಂದಿಗೂ ಗೊತ್ತಿತ್ತು. ಓಡಿದ. ಮೈಗಳ ರಾಶಿಯೊಳಗೆ ಮುಳುಗಿದ. ರಾಶಿ ಒಂದಿಷ್ಟು ಅಲುಗಿತು, ಆದರೆ ಗೆರೆ ಸೇರಲಿಲ್ಲ. ಅಷ್ಟು ದೊಡ್ಡ ಸ್ಟೇಡಿಯಂ ಒಮ್ಮೆಲೇ ಬಾಯಿ ಮುಚ್ಚಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಆ ಬಳಿಕ ಅವನು ಪತ್ರಕರ್ತರ ಮುಂದೆ ಬಂದು ಅಭಿಮಾನಿಗಳ ಕ್ಷಮೆ ಕೇಳಿದ. ಉಳಿದ ಋತುವಿನಲ್ಲಿ ತನಗಿಂತ ಹೆಚ್ಚು ದುಡಿಯುವ ಆಟಗಾರನನ್ನಾಗಲಿ, ತನ್ನ ತಂಡಕ್ಕಿಂತ ಹೆಚ್ಚು ದುಡಿಯುವ ತಂಡವನ್ನಾಗಲಿ ನೀವು ಕಾಣುವುದಿಲ್ಲ ಎಂಬರ್ಥದ ಮಾತಾಡಿ ಎದ್ದುಹೋದ. ಉಳಿದ ಹತ್ತೂ ಪಂದ್ಯಗಳನ್ನು ಫ್ಲಾರಿಡಾ ಗೆದ್ದಿತು. ಕೊನೆಯದು 2009ರ ಜನವರಿ 8ರಂದು ಮಯಾಮಿಯಲ್ಲಿ ನಡೆದ ರಾಷ್ಟ್ರೀಯ ಫೈನಲ್, ಒಕ್ಲಹೋಮ ವಿರುದ್ಧ 24–14.

ಫಲಕದ ವಿಷಯದಲ್ಲಿ ನನ್ನ ಅಭಿಪ್ರಾಯ ಖಂಡಿತವಾದದ್ದು: ಅದು ಅವನಿಗೆ ಉಪಕಾರ ಮಾಡಲಿಲ್ಲ. ಮಾತು ಗೆಲ್ಲಿಸಿತು ಎಂಬ ಕಥೆ ಹಬ್ಬಿ, ಆಟ ಹಿಂದಕ್ಕೆ ಸರಿಯಿತು. ಭಾಷಣ ಮಾಡಿದ ನಾಯಕರು ನೂರಾರು ಮಂದಿ, ಅವರಲ್ಲಿ ಬಹುತೇಕರು ಮುಂದಿನ ವಾರವೇ ಸೋತಿದ್ದಾರೆ. ಓಲ್ ಮಿಸ್ ತಡೆದ ಅದೇ ಓಟವನ್ನು ಆ ಋತುವಿನ ಉಳಿದ ತಂಡಗಳು ಅಷ್ಟು ಸುಲಭವಾಗಿ ತಡೆಯಲಾಗಲಿಲ್ಲ. ನೂರಹತ್ತು ಕಿಲೋಗೆ ಹತ್ತಿರದ ಮೈ, ಮೊದಲ ಪೆಟ್ಟು ಬಿದ್ದ ಮೇಲೂ ನಿಲ್ಲದ ಕಾಲುಗಳು. ಎದುರಾಳಿಗಳು ಆ ಓಟವನ್ನು ತಡೆಯಲು ಎಂಟು ಮಂದಿಯನ್ನು ಮುಂದೆ ತಂದು ನಿಲ್ಲಿಸಿದರೆ ಹಿಂದೆ ಬಯಲಾಗುವ ಜಾಗಕ್ಕೆ ಚೆಂಡು ಹೋಗುತ್ತಿತ್ತು. ಓಡುವಂತೆ ಎರಡು ಹೆಜ್ಜೆ ಮುಂದಿಟ್ಟು, ಗಾಳಿಗೆ ನೆಗೆದು, ಎದುರಿನವರ ತಲೆಯ ಮೇಲಿಂದ ಚೆಂಡು ತೇಲಿಸುವ ಎಸೆತವಿತ್ತಲ್ಲ, ಒಕ್ಲಹೋಮ ವಿರುದ್ಧದ ಫೈನಲಿನಲ್ಲಿ ಡೇವಿಡ್ ನೆಲ್ಸನ್‌ಗೆ ಹಾಗೆಯೇ ಎಸೆದು ಪಂದ್ಯವನ್ನು ಭದ್ರ ಮಾಡಿದ. ಓಟದ ಭಯ ಎದುರಾಳಿಗೆ ಇಲ್ಲದಿದ್ದರೆ ಆ ಎಸೆತಕ್ಕೆ ಬೆಲೆಯೇ ಇಲ್ಲ. ಕೆತ್ತುವುದಿದ್ದರೆ ಅದನ್ನು ಕೆತ್ತಬೇಕಿತ್ತು.

ಪ್ರಶ್ನೆ: ದೇಶೀ ಕ್ರಿಕೆಟ್‌ನಲ್ಲಿ ರನ್ ಗುಡ್ಡೆ ಹಾಕಿ ಟೆಸ್ಟ್‌ನಲ್ಲಿ ಎಡವಿದವರನ್ನು ನಾವು ಮಹಾನ್ ಆಟಗಾರ ಎನ್ನುವುದಿಲ್ಲ. ವೃತ್ತಿಪರ ಎನ್‌ಎಫ್‌ಎಲ್‌ನಲ್ಲಿ ಟೀಬೋ ನಿಲ್ಲಲಿಲ್ಲ. ಹಾಗಾದರೆ ಕಾಲೇಜಿನ ಕೀರ್ತಿ ಪೊಳ್ಳು ಎಂದಾಗಲಿಲ್ಲವೇ?

ಉತ್ತರ: ಆಗುವುದಿಲ್ಲ. ಹೋಲಿಕೆ ಕೂಡುವುದಿಲ್ಲ ಎಂಬುದು ನನ್ನ ಬಲವಾದ ನಂಬಿಕೆ. ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಮೇಲಿನ ಹಂತಕ್ಕೆ ಏರುವ ಏಣಿ ಮಾತ್ರವಲ್ಲ. ಅದಕ್ಕೆ ಅದರದೇ ಪ್ರಶಸ್ತಿ, ಅದರದೇ ಇತಿಹಾಸ, ಅದರದೇ ಜನ. ಅಲಬಾಮಾದಲ್ಲೋ ನೆಬ್ರಾಸ್ಕಾದಲ್ಲೋ ಎನ್‌ಎಫ್‌ಎಲ್ ತಂಡವೇ ಇಲ್ಲ, ಶನಿವಾರದ ಕಾಲೇಜು ಪಂದ್ಯವೇ ಅಲ್ಲಿ ಸರ್ವಸ್ವ.

ಅವನು ಮೇಲೆ ಏಕೆ ನಿಲ್ಲಲಿಲ್ಲ ಎಂಬುದಕ್ಕೆ ಕಾರಣ ಅವನ ಎಡಗೈಯಲ್ಲೇ ಇತ್ತು. ನಿಧಾನಗತಿಯ ದೃಶ್ಯ ಸಿಕ್ಕರೆ ನೋಡಿ. ಒಳ್ಳೆಯ ಎಸೆತಗಾರ ಚೆಂಡನ್ನು ಭುಜದ ಮಟ್ಟದಲ್ಲಿ ಹಿಡಿದು, ಕಿವಿಯ ಪಕ್ಕದಿಂದ ನೇರವಾಗಿ ಬಿಡುತ್ತಾನೆ. ಟೀಬೋನ ಕೈ ಮೊದಲು ಕೆಳಗಿಳಿಯುತ್ತಿತ್ತು, ಸೊಂಟದ ಹತ್ತಿರಕ್ಕೆ. ಅಲ್ಲಿಂದ ಹಿಂದಕ್ಕೆ ಸುತ್ತಿ ಮೇಲೇರಿ ಆಮೇಲೆ ಮುಂದಕ್ಕೆ ಬರುತ್ತಿತ್ತು. ಕಳೆದುಹೋಗುವ ಸಮಯ ಕಣ್ಣಿಗೆ ಕಾಣದಷ್ಟು ಚಿಕ್ಕದು. ಕಾಲೇಜಿನಲ್ಲಿ, ಮೇಯರ್ ಮೈದಾನವನ್ನು ಅಗಲಕ್ಕೆ ಹರಡಿ ಆಡಿಸುತ್ತಿದ್ದ ಪದ್ಧತಿಯಲ್ಲಿ, ಎಸೆದ ಚೆಂಡನ್ನು ಹಿಡಿಯುವ ರಿಸೀವರ್‌ಗಳ ಸುತ್ತ ಜಾಗವಿರುತ್ತಿತ್ತು, ಆ ವಿಳಂಬ ಯಾರಿಗೂ ಹೊರೆಯಾಗಲಿಲ್ಲ. ಎನ್‌ಎಫ್‌ಎಲ್‌ನಲ್ಲಿ ಅಷ್ಟರಲ್ಲಿ ಜಾಗ ಮುಚ್ಚಿಹೋಗಿರುತ್ತದೆ. ಕಾಲೇಜಿನಲ್ಲಿ ಅವನ ಎಸೆತಗಳಲ್ಲಿ ಶೇ 66ಕ್ಕೂ ಹೆಚ್ಚು ತನ್ನವರ ಕೈ ಸೇರಿದವು. 2011ರಲ್ಲಿ ಡೆನ್ವರ್‌ಗೆ ಆಡಿದಾಗ ಆ ಪ್ರಮಾಣ ಶೇ 46.5.

ಅಷ್ಟಾದರೂ ಆ ವರ್ಷ ಡೆನ್ವರ್ ಪ್ಲೇಆಫ್ ತಲುಪಿತು. ಪಿಟ್ಸ್‌ಬರ್ಗ್ ವಿರುದ್ಧ ಹೆಚ್ಚುವರಿ ಅವಧಿಯ ಮೊದಲ ಎಸೆತದಲ್ಲೇ ಡಿಮೇರಿಯಸ್ ಥಾಮಸ್‌ಗೆ 80 ಗಜದ ಟಚ್‌ಡೌನ್. ಮುಂದಿನ ವಾರ ನ್ಯೂ ಇಂಗ್ಲೆಂಡ್ 45–10ರಿಂದ ಹೊಸಕಿಹಾಕಿತು, ಹೆಸರಾಂತ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಡೆನ್ವರ್‌ಗೆ ಬಂದ, ಟೀಬೋನನ್ನು ಸಾಗಹಾಕಿದರು. ಇದರಿಂದ ಅವನು ಎನ್‌ಎಫ್‌ಎಲ್‌ನ ದೊಡ್ಡ ಕ್ವಾರ್ಟರ್‌ಬ್ಯಾಕ್ ಅಲ್ಲ ಎಂಬುದು ಸಾಬೀತಾಯಿತು. 2007ರಲ್ಲಿ ಗಳಿಸಿದ 55 ಟಚ್‌ಡೌನ್‌ಗಳಲ್ಲಿ ಒಂದೂ ಇದರಿಂದ ಅಳಿಯುವುದಿಲ್ಲ.

ಪ್ರಶ್ನೆ: ಕಣ್ಣಿನ ಕೆಳಗಿನ ಕಪ್ಪು ಪಟ್ಟಿಯಲ್ಲಿ ಬೈಬಲ್ ವಚನದ ಸಂಖ್ಯೆ ಬರೆದುಕೊಳ್ಳುತ್ತಿದ್ದನಲ್ಲವೇ? ಹೆಸರು ಬಂದದ್ದು ಭಕ್ತಿಯಿಂದಲೇ ಇರಬಹುದೇ?

ಉತ್ತರ: ಹೆಸರು ಕಾಲೇಜು ಆಟದ ಆಚೆಗೂ ಹಬ್ಬಿದ್ದರಲ್ಲಿ ಭಕ್ತಿಯ ಪಾಲು ಇದೆ. ತಂದೆತಾಯಿ ಧರ್ಮಪ್ರಚಾರಕರು, ಅವನು ಹುಟ್ಟಿದ್ದೇ ಫಿಲಿಪೀನ್ಸ್‌ನಲ್ಲಿ. ಒಕ್ಲಹೋಮ ಪಂದ್ಯದ ದಿನ ಬರೆದುಕೊಂಡದ್ದು ಯೋಹಾನನ ಸುವಾರ್ತೆಯ 3:16. ಆಮೇಲೆ ಹಾಗೆ ಬರೆದುಕೊಳ್ಳುವುದನ್ನೇ ನಿಯಮ ಮಾಡಿ ನಿಲ್ಲಿಸಿದರು. ಭಕ್ತಿ ಇಷ್ಟವಾದವರು ಅವನ ಪ್ರತಿ ಎಸೆತವನ್ನೂ ಹೊಗಳಿದರು, ಇಷ್ಟವಾಗದವರು ಪ್ರತಿಯೊಂದನ್ನೂ ಹಳಿದರು. ಎರಡೂ ಕಡೆಯವರು ಚೆಂಡು ಎಲ್ಲಿಗೆ ಹೋಯಿತೆಂದು ನೋಡಲಿಲ್ಲ ಎಂಬುದೇ ನನ್ನ ನೋವು. ಮತದ ತಕ್ಕಡಿಯಲ್ಲಿ ಆಟಗಾರನನ್ನು ತೂಗುವುದನ್ನು ನಾನು ಒಪ್ಪಲಾರೆ.

ಪ್ರಶ್ನೆ: 2008ರಲ್ಲಿ ಪ್ರಥಮ ಪ್ರಾಶಸ್ತ್ಯದ ಮತ ಹೆಚ್ಚು ಪಡೆದರೂ ಹೈಸ್‌ಮನ್ ಸಿಗಲಿಲ್ಲವಂತೆ, ನಿಜವೇ?

ಉತ್ತರ: ನಿಜ. ಟೀಬೋಗೆ 309, ಗೆದ್ದ ಸ್ಯಾಮ್ ಬ್ರಾಡ್‌ಫರ್ಡ್‌ಗೆ 300, ಕೋಲ್ಟ್ ಮೆಕಾಯ್‌ಗೆ 266. ಮೊದಲ ಸ್ಥಾನಕ್ಕೆ ಮೂರು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಒಂದು ಅಂಕ ಎಂಬ ಲೆಕ್ಕದಲ್ಲಿ ಕೆಳಗಿನ ಸ್ಥಾನಗಳ ಮತಗಳು ಕಡಿಮೆ ಬಿದ್ದು ಮೂರನೆಯವನಾದ.

ಪ್ರಶ್ನೆ: ಹಾಗಾದರೆ ಕಾಲೇಜು ಆಟದ ಸಾರ್ವಕಾಲಿಕ ಶ್ರೇಷ್ಠ ಕ್ವಾರ್ಟರ್‌ಬ್ಯಾಕ್ ಅವನೇ ಎನ್ನುತ್ತೀರಾ?

ಉತ್ತರ: ಅಷ್ಟು ದೂರ ಹೋಗಲಾರೆ. ಒಂದೇ ಋತುವನ್ನು ತೆಗೆದುಕೊಂಡರೆ 2019ರಲ್ಲಿ ಎಲ್‌ಎಸ್‌ಯು (ಲೂಯಿಸಿಯಾನ ಸ್ಟೇಟ್) ತಂಡದ ಜೋ ಬರೋ 60 ಟಚ್‌ಡೌನ್ ಎಸೆದು, ಹದಿನೈದಕ್ಕೆ ಹದಿನೈದೂ ಪಂದ್ಯ ಗೆಲ್ಲಿಸಿದ. ಅದಕ್ಕೆ ಸರಿಗಟ್ಟುವುದು ಕಷ್ಟ. ಓಟ ಮತ್ತು ಎಸೆತ ಎರಡೂ ಬಲ್ಲವರಲ್ಲಿ 2010ರ ಕ್ಯಾಮ್ ನ್ಯೂಟನ್ ಟೀಬೋಗಿಂತ ಒಂದು ಕೈ ಮೇಲು. ಈ ನ್ಯೂಟನ್ 2007 ಮತ್ತು 2008ರಲ್ಲಿ ಫ್ಲಾರಿಡಾದಲ್ಲೇ ಟೀಬೋನ ಹಿಂದೆ ಬದಲಿ ಆಟಗಾರನಾಗಿದ್ದ, ಆಮೇಲೆ ಅಬರ್ನ್‌ಗೆ ಹೋಗಿ ಹೈಸ್‌ಮನ್ನೂ ರಾಷ್ಟ್ರೀಯ ಪ್ರಶಸ್ತಿಯನ್ನೂ ಗೆದ್ದ. ನೆಬ್ರಾಸ್ಕಾದ ಟಾಮಿ ಫ್ರೇಜರ್ 1994 ಮತ್ತು 1995ರಲ್ಲಿ ಸತತ ಎರಡು ಪ್ರಶಸ್ತಿ ತಂದ, ಹೈಸ್‌ಮನ್ ಮಾತ್ರ ಸಿಗಲಿಲ್ಲ. ಆದರೆ ನಾಲ್ಕು ವರ್ಷಗಳ ಪೂರ್ತಿ ಆಟವನ್ನು ಒಟ್ಟಿಗೆ ಇಟ್ಟು ನೋಡಿದರೆ, 88 ಎಸೆದ ಟಚ್‌ಡೌನ್, ಎದುರಾಳಿಯ ಕೈಗೆ ಸಿಕ್ಕ ಎಸೆತ ಬರೇ 16, ಓಡಿ ಗಳಿಸಿದ್ದು 57, ಬದಲಿಯಾಗಿ ಒಂದು ಮತ್ತು ಮುಖ್ಯ ಆಟಗಾರನಾಗಿ ಒಂದು ರಾಷ್ಟ್ರೀಯ ಪ್ರಶಸ್ತಿ. ಮೊದಲ ಐವರಲ್ಲಿ ಅವನನ್ನು ಬಿಟ್ಟು ಪಟ್ಟಿ ಮಾಡುವವರು ನನಗೆ ಕಾರಣ ಹೇಳಬೇಕು.

ಪ್ರಶ್ನೆ: ನಾನು ಈ ಆಟವನ್ನೇ ನೋಡಿಲ್ಲ. ಟೀಬೋನ ಒಂದೇ ಪಂದ್ಯ ನೋಡುವುದಾದರೆ ಯಾವುದು?

ಉತ್ತರ: ಎಲ್ಲರೂ 2010ರ ಜನವರಿಯ ಶುಗರ್ ಬೌಲ್ ತೋರಿಸುತ್ತಾರೆ. ಸಿನ್ಸಿನಾಟಿ ವಿರುದ್ಧ 35ರಲ್ಲಿ 31 ಎಸೆತ ಗುರಿ ಮುಟ್ಟಿ, 482 ಗಜ. ಅದನ್ನು ನೋಡಬೇಡಿ, ಅಂದು ಎದುರಾಳಿ ಸೋತು ಸುಣ್ಣವಾಗಿದ್ದರು, ಪರೀಕ್ಷೆಯೇ ನಡೆಯಲಿಲ್ಲ. ಮೇಲೆ ಹೇಳಿದ ಅಲಬಾಮಾ ಪಂದ್ಯದ ಕೊನೆಯ ಕ್ವಾರ್ಟರ್ ನೋಡಿ, ಅದೂ ಮೂರನೆಯ ಅವಕಾಶ ಬಂದಾಗಲೆಲ್ಲ ಕಣ್ಣು ಮಿಟುಕಿಸದೆ. ಅದಾದ ಮೇಲೆ ಬಿಡುವಿದ್ದರೆ ಮರುವರ್ಷ ಅದೇ ಅಲಬಾಮಾ ಅವನನ್ನು 32–13ರಿಂದ ಮಣಿಸಿದ ಪಂದ್ಯವನ್ನೂ ನೋಡಿ. ಅಲಬಾಮಾದ ತರಬೇತುದಾರ ನಿಕ್ ಸೇಬನ್ ವರ್ಷವಿಡೀ 2008ರ ಸೋಲನ್ನು ಮರೆಯದೆ ತನ್ನ ರಕ್ಷಣಾ ಪಡೆಯನ್ನು ಹೇಗೆ ಕಟ್ಟಿ ತಂದಿದ್ದರೆಂದು ಗೊತ್ತಾಗುತ್ತದೆ. ಎರಡನ್ನೂ ನೋಡಿ ನಿಮಗೆ ಅನ್ನಿಸಿದ್ದನ್ನು ಬರೆಯಿರಿ, ನನ್ನ ಅಭಿಪ್ರಾಯಕ್ಕೆ ವಿರುದ್ಧವಾಗಿದ್ದರೂ ಅಚ್ಚು ಹಾಕಿಸುತ್ತೇನೆ.