ಸುರಿಯುವುದು, ತುಂಬುವುದು, ಮತ್ತೆ ಸುರಿಯುವುದು

ಪ್ರಶ್ನೆ: ಮಗಳಿಗೆ ಒಂದು ವರ್ಷ ಎಂಟು ತಿಂಗಳು. ಬುದ್ಧಿ ಚುರುಕಾಗಲಿ ಅಂತ ಏನೇನೋ ಆಟಿಕೆ ತಂದೆ, ಒಂದನ್ನೂ ಮುಟ್ಟುವುದಿಲ್ಲ. ಅಡುಗೆಮನೆಗೆ ಬಂದು ಡಬ್ಬಗಳನ್ನೆಲ್ಲ ಎಳೆದು ಹಾಕುತ್ತಾಳೆ. ಮನೆಯಲ್ಲಿರುವ ಸಾಮಾನಿನಿಂದಲೇ ಏನಾದರೂ ಕಲಿಸಬಹುದಾ?

ಉತ್ತರ: ಏನು ಬೇಕು ಅಂತ ಅವಳೇ ತೋರಿಸುತ್ತಿದ್ದಾಳೆ ಅಲ್ವಾ? ಡಬ್ಬ ಬೇಕು. ಕೆಳಗಿನ ಒಂದು ಖಾನೆಯನ್ನು ಅವಳಿಗೇ ಬಿಟ್ಟುಕೊಡಿ. ಗಾಜಿನದು, ಚೂಪಾದದ್ದು ಯಾವುದೂ ಅಲ್ಲಿರಬಾರದು. ಬೇರೆ ಬೇರೆ ಅಳತೆಯ ಮೂರು ಡಬ್ಬ, ಅವುಗಳ ಮುಚ್ಚಳ, ಇಷ್ಟು ಸಾಕು. ಒತ್ತಿ ಮುಚ್ಚುವಂಥವು ಇರಲಿ. ತಿರುಗಿಸಿ ತೆಗೆಯುವ ಮುಚ್ಚಳ ಹೆಚ್ಚಿನ ಮಕ್ಕಳಿಗೆ ಎರಡೂವರೆ ವರ್ಷದ ಹೊತ್ತಿಗೆ ಕೈಗೆ ಹತ್ತುತ್ತದೆ.

ಆಮೇಲೆ ಪಕ್ಕದಲ್ಲಿ ಕೂತು ಸುಮ್ನೆ ನೋಡಿ. ಚಿಕ್ಕ ಮುಚ್ಚಳವನ್ನು ದೊಡ್ಡ ಡಬ್ಬದ ಮೇಲಿಡುತ್ತಾಳೆ, ಅದು ಒಳಗೆ ಬೀಳುತ್ತದೆ. ಕೈ ಹಾಕಿ ತೆಗೆದು ಮತ್ತೆ ಅಲ್ಲೇ ಇಡುತ್ತಾಳೆ, ಮತ್ತೆ ಬೀಳುತ್ತದೆ. ಮೂರನೇ ಸಲ ಅದನ್ನು ತಿರುಗಿಸಿ ನೋಡಬಹುದು, ಅಥವಾ ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳಬಹುದು. ದೊಡ್ಡದು, ಚಿಕ್ಕದು ಅನ್ನುವುದು ಅವಳ ಕೈಗೆ ಗೊತ್ತಾಗುತ್ತಿರುವುದು ಆಗಲೇ. ಈ ಹೊತ್ತಿನಲ್ಲಿ ನಾವು "ಅದಲ್ಲ ಪುಟ್ಟಿ, ಇದು" ಅಂತ ಸರಿಯಾದ ಮುಚ್ಚಳ ಕೈಗಿತ್ತುಬಿಟ್ಟರೆ ಡಬ್ಬ ಮುಚ್ಚಿಕೊಳ್ಳುತ್ತದೆ ನಿಜ, ಅವಳು ಹುಡುಕುತ್ತಿದ್ದದ್ದು ಮಾತ್ರ ಅಲ್ಲಿಗೇ ನಿಂತುಹೋಗುತ್ತದೆ.

ಇನ್ನೊಂದು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ನೀರು ಸುರಿಯುವುದು. ನೆಲಕ್ಕೊಂದು ಹಳೆಯ ಟವೆಲ್ ಹಾಸಿ, ಅದರ ಮೇಲೆ ಅಂಚಿರುವ ತಟ್ಟೆ ಇಟ್ಟು, ತಟ್ಟೆಯಲ್ಲಿ ಎರಡು ಚಿಕ್ಕ ಲೋಟ ಇಡಿ. ಒಂದರಲ್ಲಿ ಎರಡು ಬೆರಳಿನಷ್ಟು ನೀರು ಸಾಕು. ಒಂದೇ ಒಂದು ಸಲ, ತುಂಬಾ ನಿಧಾನವಾಗಿ, ಮಾತಾಡದೆ ಸುರಿದು ತೋರಿಸಿ. ಮಾತಾಡಿದರೆ ಅವಳ ಕಣ್ಣು ನಿಮ್ಮ ಕೈ ಬಿಟ್ಟು ಬಾಯಿಯ ಕಡೆ ಹೋಗುತ್ತದೆ. ಮೊದಮೊದಲು ಅರ್ಧ ನೀರು ತಟ್ಟೆಗೆ ಬೀಳುತ್ತದೆ, ಬೀಳಲಿ. ಪಕ್ಕದಲ್ಲೊಂದು ಪುಟ್ಟ ಬಟ್ಟೆ ಇಟ್ಟಿರಿ. ಒರೆಸುವುದೂ ಈ ಆಟದಲ್ಲಿ ಸೇರಿದ್ದೇ, ಎಷ್ಟೋ ಮಕ್ಕಳಿಗೆ ಸುರಿಯುವುದಕ್ಕಿಂತ ಒರೆಸುವುದೇ ಜಾಸ್ತಿ ಇಷ್ಟ. 1907ರಲ್ಲಿ ರೋಮ್‌ನಲ್ಲಿ "ಮಕ್ಕಳ ಮನೆ" ಅನ್ನುವ ತಮ್ಮ ಮೊದಲ ಶಾಲೆಯನ್ನು ತೆರೆದ ಮರಿಯಾ ಮಾಂಟೆಸ್ಸರಿ ಅವರ ಪದ್ಧತಿಯಲ್ಲೂ ಸುರಿಯುವುದು, ಒರೆಸುವುದು, ಗುಂಡಿ ಹಾಕುವುದು, ಇಂಥ ಮನೆಗೆಲಸಗಳಿಗೆ ದೊಡ್ಡ ಜಾಗವಿದೆ. ಅವು ಹೊತ್ತು ಕಳೆಯುವ ಆಟಗಳಲ್ಲ. ಮುಂದೆ ಪೆನ್ಸಿಲ್ ಹಿಡಿಯಬೇಕಾದ ಮಣಿಕಟ್ಟು, ಬೆರಳುಗಳು ಇಲ್ಲೇ ಪಳಗುತ್ತವೆ.

ಒಂದು ಮಾತು ಮಾತ್ರ ಮರೆಯಬೇಡಿ. ನೀರಿನ ಆಟ ಮುಗಿಯುವವರೆಗೆ ಅಲ್ಲಿಂದ ಏಳಬಾರದು, ಮುಗಿದ ಕೂಡಲೇ ನೀರು ಚೆಲ್ಲಿಬಿಡಬೇಕು. ಬಕೆಟ್ಟಿನ ತಳದಲ್ಲಿರುವ ಕೆಲವೇ ಸೆಂಟಿಮೀಟರ್ ನೀರೂ ಈ ವಯಸ್ಸಿನ ಮಗುವಿಗೆ ಅಪಾಯವೇ.

ಪ್ರಶ್ನೆ: ಮಗನಿಗೆ ಎರಡು ವರ್ಷ. ರಾತ್ರಿ ಎಲ್ಲ ಕೂತು ಬಣ್ಣದ ಚೆಂಡುಗಳನ್ನು ವಿಂಗಡಿಸುವ ಆಟ ತಯಾರು ಮಾಡಿದೆ. ಎರಡೇ ನಿಮಿಷ ಆಡಿ ಎದ್ದುಹೋದ. ಆ ಚೆಂಡು ತುಂಬಿದ್ದ ರಟ್ಟಿನ ಪೆಟ್ಟಿಗೆಯೊಳಗೆ ಹತ್ತಿ ಇಳಿಯುತ್ತ ಅರ್ಧ ಗಂಟೆ ಕಳೆದ. ಇವನಿಗೆ ಗಮನವೇ ಇಲ್ಲವಾ?

ಉತ್ತರ: ಗಮನ ಇಲ್ಲದ ಮಗು ಅರ್ಧ ಗಂಟೆ ಒಂದೇ ಕೆಲಸ ಮಾಡುತ್ತದಾ? ಅವನಿಗೆ ಆವತ್ತು ಪೆಟ್ಟಿಗೆ ಬೇಕಿತ್ತು, ಅಷ್ಟೇ. ನೀವು ಕೊಟ್ಟ ಕೆಲಸದಲ್ಲಿ ಎರಡು ನಿಮಿಷ ನಿಲ್ಲುವುದು ಎರಡು ವರ್ಷದ ಮಗುವಿಗೆ ಸಹಜ. ರಾತ್ರಿ ನಿದ್ದೆಗೆಟ್ಟು ಮಾಡಿದ್ದು ಹೀಗಾದರೆ ಬೇಜಾರಾಗುತ್ತದೆ, ಆ ಬೇಜಾರು ನಮಗೆ ಗೊತ್ತಿಲ್ಲದೆಯೇ ದನಿಯಲ್ಲಿ ಬಂದುಬಿಡುತ್ತದೆ, ಮಗುವಿಗೆ ಅದು ಕೇಳಿಸಿಯೂ ಕೇಳಿಸುತ್ತದೆ. ಅದಕ್ಕೇ ನಾನು ಹೇಳುವುದು, ಐದು ನಿಮಿಷಕ್ಕಿಂತ ಹೆಚ್ಚು ತಯಾರಿ ಬೇಡುವ ಆಟ ಬೇಡ. ಆ ಚೆಂಡುಗಳನ್ನು ಎತ್ತಿಡಿ, ಎರಡು ವಾರ ಬಿಟ್ಟು ಮತ್ತೆ ಹೊರಗೆ ತನ್ನಿ.

ಪೆಟ್ಟಿಗೆಯ ಆಟಕ್ಕೆ ನೀವು ಸೇರಿಸಬಹುದಾದದ್ದು ಮಾತು. "ಒಳಗೆ ಹೋದೆ." "ಹೊರಗೆ ಬಂದೆ." "ಪೆಟ್ಟಿಗೆ ಹಿಂದೆ ಯಾರು?" ಮೈ ಮಾಡುತ್ತಿರುವುದಕ್ಕೆ ಅದೇ ಗಳಿಗೆಯಲ್ಲಿ ಒಂದು ಪದ ಸಿಕ್ಕರೆ ಅದು ನೆನಪಲ್ಲಿ ಉಳಿಯುತ್ತದೆ. ಹತ್ತುವುದು ಇಳಿಯುವುದನ್ನು ವ್ಯರ್ಥ ಅಂದುಕೊಳ್ಳಲೂಬೇಡಿ. ಒಂದರಿಂದ ಎರಡು ವರ್ಷದ ಮಕ್ಕಳು ದಿನಕ್ಕೆ ಎಲ್ಲ ಸೇರಿ 180 ನಿಮಿಷವಾದರೂ ಓಡಾಡಿಕೊಂಡು ಆಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಎರಡು ತುಂಬಿದವರಿಗೂ ಅಷ್ಟೇ ಬೇಕು.

ಪ್ರಶ್ನೆ: ಒಂದೂವರೆ ವರ್ಷದ ಮಗಳು ಕೈಗೆ ಕೊಟ್ಟದ್ದನ್ನೆಲ್ಲ ಎಸೆಯುತ್ತಾಳೆ. ಬೈದರೆ ನಗುತ್ತಾಳೆ.

ಉತ್ತರ: ಎಸೆಯಲು ಆಗುವಂಥದ್ದನ್ನೇ ಕೊಡಿ. ಕಾಲುಚೀಲಗಳನ್ನು ಉಂಡೆ ಮಾಡಿ, ಒಂದು ಬುಟ್ಟಿ ಇಟ್ಟು, ಎರಡು ಹೆಜ್ಜೆ ದೂರ ನಿಲ್ಲಿಸಿ. ಚಮಚ ಬಿದ್ದರೆ ಸದ್ದು, ಕಾಲುಚೀಲ ಬಿದ್ದರೆ ಸದ್ದಿಲ್ಲ, ಚೆಂಡು ಬಿದ್ದರೆ ಮತ್ತೆ ಮೇಲೇಳುತ್ತದೆ. ಅವಳು ಪರೀಕ್ಷೆ ಮಾಡುತ್ತಿರುವುದು ಇದನ್ನೇ. ಗಟ್ಟಿ ಸಾಮಾನು ಎಸೆದಾಗ ಕೂಗಾಡದೆ "ಇದು ಎಸೆಯುವುದಲ್ಲ" ಅಂತ ಹೇಳಿ ತೆಗೆದಿಡಿ. ನಾವು ಮುಖ ಸಿಂಡರಿಸಿದಷ್ಟೂ ಅದೇ ಅವಳಿಗೊಂದು ಆಟವಾಗುತ್ತದೆ.

ಪ್ರಶ್ನೆ: ಎರಡೂವರೆ ವರ್ಷವಾದರೂ ನನ್ನ ಮಗನಿಗೆ ಬಣ್ಣ ಗೊತ್ತಿಲ್ಲ. ಒಂದರಿಂದ ಹತ್ತು ಹೇಳುತ್ತಾನೆ, ಆದರೆ ಎಷ್ಟು ಅಂತ ಕೇಳಿದರೆ ತಪ್ಪುತ್ತಾನೆ.

ಉತ್ತರ: ಹತ್ತರವರೆಗೆ ಹೇಳುವುದು ಈಗ ಅವನಿಗೆ ಪದ್ಯ ಹೇಳಿದ ಹಾಗೆ. ಎರಡು ಅಂದರೆ ಎರಡು ವಸ್ತು ಅನ್ನುವುದು ಬೇರೆಯೇ ಪಾಠ, ಅದು ನಿಧಾನವಾಗಿ ಬರುತ್ತದೆ. "ಎರಡು ಚಮಚ ತಾ" ಅನ್ನಿ. ಒಂದು ತಂದರೆ "ಇದು ಒಂದು, ಇನ್ನೊಂದು ತಾ" ಅನ್ನಿ. ಬಣ್ಣದಲ್ಲಿ ಮೊದಲು ಜೋಡಿ ಮಾಡಿಸಿ, ಒಣಗಿದ ಬಟ್ಟೆ ಮಡಚುವಾಗ ಕಾಲುಚೀಲದ ಜೋಡಿ ಹುಡುಕಿಸಿದರೂ ಆಯಿತು. ಆಮೇಲೆ "ಕೆಂಪು ಯಾವುದು ತೋರಿಸು". "ಇದು ಯಾವ ಬಣ್ಣ" ಅನ್ನುವ ಪ್ರಶ್ನೆ ಕೊನೆಗೆ, ಅದೇ ಎಲ್ಲಕ್ಕಿಂತ ಕಷ್ಟದ್ದು. ನಾವು ಮಾತ್ರ ಅಲ್ಲಿಂದಲೇ ಶುರು ಮಾಡುತ್ತೇವೆ. ಮೂರರ ಆಸುಪಾಸಿನಲ್ಲೂ ಬಣ್ಣ ತಪ್ಪುವ ಮಕ್ಕಳು ಬೇಕಾದಷ್ಟಿದ್ದಾರೆ, ಗಾಬರಿ ಬೇಡ. ಆದರೆ ಎರಡು ವರ್ಷ ದಾಟಿದ ಮೇಲೂ ಮಗು ಎರಡು ಪದ ಕೂಡಿಸಿ ಮಾತಾಡದಿದ್ದರೆ, ಬರುತ್ತಿದ್ದ ಮಾತು ನಿಂತುಹೋದರೆ ಕಾಯಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ.

ಪ್ರಶ್ನೆ: ನಾನು ಅಜ್ಜಿ. ಹದಿನಾಲ್ಕು ತಿಂಗಳ ಮೊಮ್ಮಗ ಹಗಲೆಲ್ಲ ನನ್ನ ಹತ್ತಿರವೇ ಇರುತ್ತಾನೆ. ಕಾಳು, ಮಣಿ ಹೆಕ್ಕಿಸಿದರೆ ಬೆರಳು ಚುರುಕಾಗುತ್ತದೆ ಅನ್ನುತ್ತಾರೆ, ಕೊಡಲಾ?

ಉತ್ತರ: ದಯವಿಟ್ಟು ಬೇಡಮ್ಮ. ಈ ವಯಸ್ಸಿನಲ್ಲಿ ಎಲ್ಲವೂ ಬಾಯಿಗೇ ಹೋಗುತ್ತದೆ. ಟಾಯ್ಲೆಟ್ ಪೇಪರ್ ಸುರುಳಿಯ ಒಳಗಿನ ರಟ್ಟಿನ ಕೊಳವೆ ಇರುತ್ತದಲ್ಲ, ಅದರೊಳಗೆ ತೂರುವ ಯಾವ ವಸ್ತುವನ್ನೂ ಮೂರು ವರ್ಷದವರೆಗೆ ಕೊಡಬಾರದು. ರಿಮೋಟಿನ, ಆಟಿಕೆಗಳ ಒಳಗಿರುವ, ಪುಟ್ಟ ನಾಣ್ಯದಂಥ ಗುಂಡಿ ಬ್ಯಾಟರಿ ಇನ್ನೂ ಕೆಟ್ಟದ್ದು. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು, ಅನುಮಾನ ಬಂದರೂ ಸಾಕು, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಬೆರಳಿಗೆ ಕೆಲಸ ಬೇಕಲ್ಲವೇ, ಹೀಗೆ ಮಾಡಿ. ದೊಡ್ಡ ಪ್ಲಾಸ್ಟಿಕ್ ಡಬ್ಬದ ಮುಚ್ಚಳದಲ್ಲಿ ಉದ್ದಕ್ಕೆ ಒಂದು ಸೀಳು ಕೊಯ್ದು, ಅಂಚು ಚುಚ್ಚದ ಹಾಗೆ ಟೇಪ್ ಅಂಟಿಸಿ. ನಿಮ್ಮ ಅಂಗೈಯಗಲದ ಐದಾರು ಮುಚ್ಚಳಗಳನ್ನು ಅವನ ಮುಂದಿಡಿ. ಒಂದನ್ನು ನೀವು ಸೀಳಿನಲ್ಲಿ ಹಾಕಿ ತೋರಿಸಿ. ಅವನು ಅಡ್ಡ ಹಿಡಿದು ಒತ್ತುತ್ತಾನೆ, ಹೋಗುವುದಿಲ್ಲ. ಮಣಿಕಟ್ಟು ತಿರುಗಿಸುವುದು ಹೊಳೆಯುವುದಕ್ಕೆ ಒಂದೆರಡು ದಿನವೇ ಹಿಡಿಯಬಹುದು. ಹೊಳೆದ ಮೇಲೆ ಟಕ್ ಅಂತ ಒಳಗೆ ಬೀಳುತ್ತದೆ. ಅವನು ಬಗ್ಗಿ ಸೀಳಿನಲ್ಲಿ ಇಣುಕುತ್ತಾನೆ, ನಿಮ್ಮ ಮುಖ ನೋಡುತ್ತಾನೆ, ಇನ್ನೊಂದನ್ನು ಎತ್ತಿಕೊಳ್ಳುತ್ತಾನೆ. ಎಲ್ಲ ಮುಗಿದಾಗ ಡಬ್ಬ ತೆರೆದುಕೊಡಿ, ಮಾಯವಾದದ್ದೆಲ್ಲ ಅಲ್ಲೇ ಇರುವುದನ್ನು ಅವನೇ ನೋಡಲಿ.